ಇಂಗ್ಲಿಷ್ ಹಾಡಿಗೆ ನಾನು ಹೇಳಿದ ಅರ್ಥ

ಮೊನ್ನೆ ಅಥಣಿ ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಜೋರಾಪುರ ಪೇಟೆಯ ರೇಡಿಯೋ ರಿಪೇರಿ ಕಾಕಾ ನೆನಪಾದರು. ಅಂಥವರು ನೆನಪಾದರೆ ಖುಷಿಯಾಗಬೇಕು. ನನಗೆ ನಾಚಿಕೆಯಾಗುತ್ತದೆ.

ನಮ್ಮ ಮನೆಯಿಂದ ನಾಲ್ಕು ಹೆಜ್ಜೆಗೆ ಅವರ ಅಂಗಡಿ. ಗೋಳಗುಮ್ಮಟ ನೋಡಲು ಬಂದ ವಿದೇಶಿಯೊಬ್ಬನ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಕೊಟ್ಟಿದ್ದರಂತೆ. ಅವನು ಖುಷಿಯಿಂದ ಒಂದು ಕ್ಯಾಸೆಟ್ ಕೊಟ್ಟುಹೋಗಿದ್ದ. ಇಂಗ್ಲೆಂಡಿನ ಯಾವುದೋ ರಾಕ್ ತಂಡದ ಮೊಟ್ಟಮೊದಲ ಆಲ್ಬಂ. ಗಿಟಾರು ಒಮ್ಮೆ ಕಿರುಚುತ್ತಿತ್ತು, ಒಮ್ಮೆ ಬಾವಿಯೊಳಗಿಂದ ಕೇಳಿಸುತ್ತಿತ್ತು. "ಟೇಪ್ ಸಿಕ್ಕೊಂಡದ ನೋಡ್ರಿ" ಎಂದು ಪೇಟೆಯ ಜನ ನಗುತ್ತಿದ್ದರು. ಕಾಕಾ ಮಾತ್ರ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಇಷ್ಟ ದೂರದಿಂದ ಬಂದದ ತಮ್ಮಾ, ಏನರ ದೊಡ್ಡ ಮಾತ ಇರಬೇಕು," ಎನ್ನುತ್ತಿದ್ದರು. ಅರ್ಥ ಹೇಳುವ ಕೆಲಸ ನನ್ನದು. ಓಣಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಅವರಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳುತ್ತಿದ್ದೆ... ಅವರು ತಲೆದೂಗುತ್ತಿದ್ದರು.

ಕಾಕಾರ ಹೆಂಡತಿ ಜಗಳವಾಡಿ ತಿಕೋಟಾದ ತವರಿಗೆ ಹೋಗಿ ಆರು ತಿಂಗಳಾಗಿತ್ತು. ನಮ್ಮ ಕಡೆ ಹಾಗೆ ಹೋದವಳನ್ನು ಗಂಡನೇ ಸೀರೆ ಹಿಡಿದುಕೊಂಡು ಹೋಗಿ ಕರೆಯಬೇಕು. ಕರೆಯದೆ ಅವಳು ತಾನಾಗಿ ಬರುವಂತಿಲ್ಲ. ಈ ರವಿವಾರ ಬಂದರೆ ಸರಿ, ಇಲ್ಲವಾದರೆ ಹಿರಿಯರನ್ನು ಕೂಡಿಸಿ ಸಂಬಂಧ ಮುರಿಯುತ್ತೇವೆ ಎಂದು ಮಾವ ಹೇಳಿ ಕಳಿಸಿದ್ದರು. ಶನಿವಾರ ಸಂಜೆ ಕಾಕಾ ನನಗೆ ಹಸಿರು ಇಳಕಲ್ ಸೀರೆ ತೋರಿಸಿದರು.

"ನಾಳಿ ಅಂಗಡಿ ಬಂದ್ ತಮ್ಮಾ. ಆಕಿನ್ನ ಕರಕೊಂಡ ಬರ್ತೇನಿ."

ನನ್ನ ಟೇಪ್‌ರೆಕಾರ್ಡರ್ ಅವರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಸೋಮವಾರ ಮುಂಜಾನೆ ಕಾಲೇಜಿನ ಗ್ಯಾದರಿಂಗಿನ ಹಾಡು-ಕುಣಿತಕ್ಕೆ ಅದು ಬೇಕೇ ಬೇಕಿತ್ತು. ಅಷ್ಟರಲ್ಲಿ ಕಾಕಾ ಕ್ಯಾಸೆಟ್ ಹಾಕಿ, "ಈ ಹಾಡಿನ್ಯಾಗ ಏನಂತಾನ?" ಎಂದರು. ನಾನು ದೊಡ್ಡ ಪಂಡಿತನ ಮುಖ ಮಾಡಿದೆ.

"ಬರೂವ್ರು ತಾವಾಗೇ ಬರ್ತಾರ, ಕರ್ಯಾಕ ಹೋದ್ರ ಕಿಮ್ಮತ್ತು ಹೋಗ್ತದ ಅಂತಾನ್ರಿ ಕಾಕಾ."

ಮಾವನ ಮನೆಯಲ್ಲಿ ಮಾನ ಹೋದೀತೆಂಬ ಅಂಜಿಕೆ ಅವರಿಗೆ ಮೊದಲೇ ಇತ್ತು. ಸೀರೆಯನ್ನು ಮತ್ತೆ ಕಾಗದದಲ್ಲಿ ಸುತ್ತಿದರು. ರವಿವಾರ ಅಂಗಡಿ ತೆರೆದಿತ್ತು. ನನ್ನ ಟೇಪ್‌ರೆಕಾರ್ಡರ್ ಮಧ್ಯಾಹ್ನದೊಳಗೆ ರಿಪೇರಿಯಾಯಿತು.

ತಿಂಗಳೊಪ್ಪತ್ತಿನಲ್ಲಿ ಹಿರಿಯರು ಕೂತು ಸೋಡಚೀಟಿ ಬರೆಸಿ ಇಬ್ಬರನ್ನೂ ಬೇರೆ ಮಾಡಿದರು. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ. "ಹಾಡಿನ್ಯಾಗೂ ಹಂಗ ಅದಲ್ಲ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಹಿರಿಯರು ಕೂಡುವ ಮೊದಲು ಯಾವಾಗಲಾದರೂ ನಾನು ನಿಜ ಬಾಯಿಬಿಡಬಹುದಿತ್ತು... ಬಿಡಲಿಲ್ಲ. ಹೋದ ವರ್ಷ ಕಾಕಾ ಇಟ್ಟಂಗಿಹಾಳದ ತಮ್ಮ ಅಕ್ಕನ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಮುಖ ನೋಡುವ ಧೈರ್ಯವಾಗದೆ ಹಿಂದೆಯೇ ನಿಂತೆ.

ಮೊನ್ನೆ ಮನೆಗೆ ಬಂದವನೇ ಕ್ಯಾಸೆಟ್ಟಿನ ಮೇಲೆ ಓದಿದ್ದ ಹೆಸರು ನೆನಪಿಸಿಕೊಂಡು ಮಗಳಿಂದ ಮೊಬೈಲಿನಲ್ಲಿ ಆ ಆಲ್ಬಂ ಹುಡುಕಿಸಿದೆ. ಆ ಹಾಡು ಗುರುತು ಸಿಕ್ಕಿತು. ಅವಳು ಸಾಲುಗಳನ್ನು ಓದಿ ಕನ್ನಡದಲ್ಲಿ ಹೇಳಿದಳು: ಕೆಂಪು ಬೂಟು ಹಾಕಿದ ಗೂಬೆಯೊಂದು ಚಹಾ ಕುಡಿಯುತ್ತದೆ. ಅಷ್ಟೇ. ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಪ್ಪಾ, ಆವಾಗ ನಿನಗ ಇದರ ಅರ್ಥ ತಿಳೀತಿತ್ತೇನು?"

"ಇಲ್ಲವ್ವಾ. ನನಗ ಇಂಗ್ಲಿಷ್ ಬರ್ತಿರಲಿಲ್ಲ," ಎಂದೆ.

ಆ ಶನಿವಾರ ಇಷ್ಟು ಹೇಳಿದ್ದರೆ ಸಾಕಿತ್ತು, ಕಾಕಾ ಮುಂಜಾನೆ ಎದ್ದು ತಿಕೋಟಾ ಬಸ್ಸು ಹತ್ತುತ್ತಿದ್ದರು.