ಅಕ್ಕನ ಹಿಂದೆ ಬಂದ ನಾಯಿ

ಗಂಡನನ್ನು ಕಳೆದುಕೊಂಡ ಅಕ್ಕ ಮುಧೋಳದಿಂದ ತವರಿಗೆ ಬಂದಾಗ ಚಕ್ಕಡಿಯಲ್ಲಿ ಅವಳ ಜೊತೆ ಇದ್ದದ್ದು ಒಂದು ಬಟ್ಟೆಗಂಟು, ಒಂದು ಹೆಣ್ಣು ನಾಯಿ. ಗಂಟನ್ನು ಅವ್ವ ಇಳಿಸಿಕೊಂಡಳು. ನಾಯಿ ಇಳಿಯಲೇ ಇಲ್ಲ. ಕೊನೆಗೆ ಅಕ್ಕನೇ ಅದನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು.

ಮುಧೋಳದ ಬೇಟೆನಾಯಿ ಎಂದರೆ ಸುತ್ತಲಿನ ಸಂಸ್ಥಾನಗಳಲ್ಲೆಲ್ಲ ಹೆಸರು. ಉದ್ದ ಕಾಲು, ಸಣ್ಣ ಸೊಂಟ, ಚೂಪು ಮೂತಿ. ಮೊಲದ ಹಿಂದೆ ಬಿಟ್ಟರೆ ಧೂಳಷ್ಟೇ ಕಾಣಬೇಕು. ನಮ್ಮ ಪಾಲಿಗೆ ಬಂದದ್ದು ಮಾತ್ರ ಎಲೆ ಅಲುಗಿದರೂ ಹಗ್ಗದ ಹೊರಸಿನ ಕೆಳಗೆ ಸೇರುವ ಜೀವ. ಬೇಟೆಗೆ ಬಾರದು ಎಂದು ಯಾರೋ ಬಿಟ್ಟುಕೊಟ್ಟ ಮರಿಯನ್ನು ಭಾವ ಮನೆಗೆ ತಂದು ಸಾಕಿದ್ದರಂತೆ. ಈಗ ಅವರದೆಂದು ಅಕ್ಕನ ಬಳಿ ಉಳಿದದ್ದು ಅದೊಂದೇ. ಅದು ತಿಂದರೆ ಇವಳು ಉಣ್ಣುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಅದನ್ನು ಕರೆಯುತ್ತಿದ್ದದ್ದು ‘ಕೂಸ’ ಎಂದು.

ಬನಹಟ್ಟಿಯ ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ತುಳಿಯುತ್ತ ತುಳಿಯುತ್ತ ಸೀರೆ ನೇಯುವುದು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ನಾನು. ಆಗಲೇ ನಾನು ಮೀಸೆ ತಿರುವುವ ವಯಸ್ಸಿನವನು. ನಾಯಿ ಎಂದರೆ ನನಗೆ ಅಷ್ಟಕ್ಕಷ್ಟೆ. ಅದು ಬಂದಮೇಲೆ ಆ ಅಷ್ಟೂ ಹೋಯಿತು. ದಿನಕ್ಕೊಂದು ಸಲವಾದರೂ ಎಲ್ಲಿಂದಲೋ ಚಂಗನೆ ಹಾರಿ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ನುಗ್ಗಿ, ಅಕ್ಕನ ಸೆರಗಿನಲ್ಲಿ ಮೂತಿ ಹುದುಗಿಸಿ ಗಡಗಡ ನಡುಗುತ್ತಿತ್ತು. ಹರಿದ ಎಳೆಗಳನ್ನು ಒಂದೊಂದಾಗಿ ಗಂಟುಹಾಕುತ್ತ ಕೂರುವುದು ನನ್ನ ಕರ್ಮ.

ಮಗ್ಗದ ಸಪ್ಪಳಕ್ಕೇ ಹೆದರುತ್ತದೆ ಎಂದು ನಾವೆಲ್ಲ ತೀರ್ಮಾನಿಸಿದೆವು. ಪಾಪ ಎನಿಸಿ, ಅದು ನಡುಗಿದಾಗಲೆಲ್ಲ ಅಪ್ಪ ಕೈ ಎತ್ತಿ ಎರಡೂ ಮಗ್ಗ ನಿಲ್ಲಿಸಿಯೇ ಇಡುತ್ತಿದ್ದರು. ಮನೆ ಗಪ್ಪಾಗುತ್ತಿತ್ತು. ಆ ಗಪ್ಪು ನಮ್ಮಲ್ಲಿ ಹೊಸದೂ ಅಲ್ಲ. ಅಕ್ಕ ಒಳಗೆ ಬಂದರೆ ಅವ್ವ ಆಡುತ್ತಿದ್ದ ಮಾತು ನುಂಗುತ್ತಿದ್ದಳು; ಮನೆಗೆ ಬಂದ ನೆರೆಯವರು ನೆಲ ನೋಡುತ್ತಿದ್ದರು. ಅದನ್ನೇ ನಾವು ಕರುಣೆ ಎಂದುಕೊಂಡಿದ್ದೆವು.

ನಾಯಿಯ ಕೊರಳಿಗೆ ಅವ್ವ ತಾಯತ ಕಟ್ಟಿದಳು. ಜಮಖಂಡಿಗೆ ಹೊತ್ತುಕೊಂಡು ಹೋಗಿ ದನದ ಡಾಕ್ಟರರಿಗೆ ತೋರಿಸಿದೆವು. ಬಾಯಿ, ಕಿವಿ, ಹೊಟ್ಟೆ ಎಲ್ಲ ನೋಡಿದ ಅವರು, "ಇದಕ್ಕ ರೋಗ ಏನೂ ಇಲ್ರಿ. ಅಂಜಿಕಿ ಐತಿ, ಅದಕ್ಕ ನನ್ನ ಹತ್ರ ಔಷಧ ಇಲ್ಲ. ಮುಧೋಳದಾಗ ಬೇಟೆನಾಯಿ ಪಳಗಸವರ ಅದಾರ, ಅಲ್ಲೆ ಹೋಗ್ರಿ" ಎಂದರು.

ಮುಧೋಳ ಎಂದೊಡನೆ ಅಪ್ಪ ನಾಯಿಯನ್ನು ಎತ್ತಿಕೊಂಡು ಊರ ದಾರಿ ಹಿಡಿದರು. ಮಗಳ ಮನೆ ಮುರಿದ ಊರಿಗೆ ಮತ್ತೆ ಹೋಗಲು ಅವರಿಗೆ ಕಾಲು ಬರಲಿಲ್ಲ. ಆದರೆ ಮುಂದಿನ ವಾರವೇ ನಾಯಿ ಮತ್ತೊಮ್ಮೆ ಹಾಸಿನೊಳಗೆ ನುಗ್ಗಿ, ಯಾರದೋ ಮದುವೆಗೆಂದು ನೇಯುತ್ತಿದ್ದ ಸೀರೆಯನ್ನು ಕೆಡಿಸಿತು. ಅಪ್ಪ ಮಗ್ಗದಿಂದ ಮೇಲೆದ್ದರು. "ಲೋಕಾಪುರದ ಕಡೆ ನಮ್ಮವರ ಹೊಲ ಐತಿ, ಅಲ್ಲಿಗೆ ಕಳಸೂಣು. ಮಗ್ಗಾ ನಿಂತ್ರ ಹೊಟ್ಟಿ ಹ್ಯಾಂಗ ನಡೀಬೇಕ ಮಗಳ!"

ಅಕ್ಕ ಅಳಲಿಲ್ಲ. "ಅದರ ಜೋಡಿ ನನ್ನೂ ಕಳಸ್ರಿ" ಎಂದಳು, ಅಷ್ಟೆ. ಅವಳು ಅಂದದ್ದು ಮಾಡುವವಳೇ. ನಾಯಿ ಹೋದರೆ ಅಕ್ಕನೂ ನಮ್ಮ ಕೈಬಿಟ್ಟು ಹೋದಳು ಎಂದು ಆಗ ನನಗೆ ಖಾತ್ರಿಯಾಯಿತು. ಅಪ್ಪನನ್ನು ಒಪ್ಪಿಸಿ ಮಾರನೆಯ ದಿನವೇ ಚಕ್ಕಡಿ ಕಟ್ಟಿದೆ. ಅಪ್ಪ, ಅಕ್ಕ, ನಾನು, ನಾಯಿ ಮುಧೋಳಕ್ಕೆ ಹೊರಟೆವು.

ನಾವು ಹುಡುಕಿಕೊಂಡು ಹೋದವರು ಅರಮನೆಯ ಬೇಟೆನಾಯಿಗಳನ್ನು ಬಹಳ ವರ್ಷ ಪಳಗಿಸಿದವರು. ಕುಸ್ತಿ ಕಲಿಸುವವರನ್ನು ಕರೆಯುವ ಹಾಗೆ ಊರವರು ಅವರನ್ನೂ ವಸ್ತಾದಿ ಎನ್ನುತ್ತಿದ್ದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಿಗುಮಾನ. ನಮ್ಮನ್ನು ಬೇವಿನ ಮರದ ಕೆಳಗೆ ಕೂರಿಸಿ, ತಮ್ಮ ನಾಯಿಗಳೆಲ್ಲ ಉಂಡು ಮುಗಿಸುವವರೆಗೆ ತಿರುಗಿಯೂ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಆಮೇಲೆ ಬಂದು ನಮ್ಮ ನಾಯಿಗೆ ಬೆನ್ನು ಮಾಡಿ ಕುಳಿತರು.

"ಯಾರೂ ಅದನ್ನ ನೋಡಬ್ಯಾಡ್ರಿ. ಅಂಜಿದವರನ್ನ ಸುತ್ತಗಟ್ಟಿ ನೋಡಿದ್ರ ಇನ್ನಷ್ಟ ಅಂಜತಾರ."

ಎಲ್ಲರೂ ಬೇವಿನ ಮರ ನೋಡುತ್ತ ಕುಳಿತೆವು. ಬಹಳ ಹೊತ್ತಿನ ಮೇಲೆ ನಾಯಿ ತಾನಾಗಿಯೇ ಹೋಗಿ ಅವರ ಬೆನ್ನು ಮೂಸಿತು. ಅವರು ಅಲುಗಲಿಲ್ಲ.

"ಯಾವಾಗ ನಡಗತೈತಿ?" ಎಂದು ಕೇಳಿದರು.

"ಮಗ್ಗಾ ನಡದಾಗ್ರಿ" ಎಂದರು ಅಪ್ಪ. ನಾನೂ ಹೂಂಗುಟ್ಟಿದೆ.

"ಅಲ್ಲ" ಎಂದಳು ಅಕ್ಕ. ತವರಿಗೆ ಬಂದಮೇಲೆ ಅವಳು ಅಪ್ಪನ ಮಾತಿಗೆ ಎದುರಾಡಿದ್ದು ಅದೇ ಮೊದಲು. "ಮಗ್ಗಾ ನಿಂತಾಗ್ರಿ."

ನನಗೆ ನಗು ಬರುವುದರಲ್ಲಿತ್ತು, ಬರಲಿಲ್ಲ. ಮಗ್ಗ ನಡೆಯುವಾಗ ನೇಕಾರನ ಕಣ್ಣು ಎಳೆಯ ಮೇಲೆ ಇರುತ್ತದೆ, ಆಚೀಚೆ ಹೋಗುವುದಿಲ್ಲ. ಅಪ್ಪನಾಗಲಿ ನಾನಾಗಲಿ ಆ ನಾಯಿಯನ್ನು ನೋಡಿದ್ದೆಲ್ಲ ಕೈ ನಿಲ್ಲಿಸಿದ ಮೇಲೆ. ಎಳೆ ಹರಿದೋ, ನೀರು ಕುಡಿಯಲೋ ಇಬ್ಬರೂ ಒಟ್ಟಿಗೆ ನಿಲ್ಲಿಸಿದಾಗಲೇ ಅದು ಹಾರಿ ಬಂದಿರಬೇಕು. ಲಾಳಿ ಓಡುವಷ್ಟು ಹೊತ್ತು ಅದು ಹೊರಸಿನ ಕೆಳಗೆ ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿತ್ತಂತೆ. ಅದನ್ನು ಕಂಡವಳು ಅಕ್ಕ ಒಬ್ಬಳೇ. ಅವಳನ್ನು ನಾವು ಕೇಳಿರಲೇ ಇಲ್ಲ.

"ಯಾಕ ನಿಂತ್ರ ಅಂಜತೈತಿ ಬೇ ತಂಗಿ?" ವಸ್ತಾದಿಯ ದನಿ ಈಗ ಇಳಿದಿತ್ತು.

ನೇಕಾರರ ಓಣಿಯಲ್ಲಿ ಸಾವಾದರೆ ಮೊದಲು ಮಗ್ಗ ನಿಲ್ಲುತ್ತದೆ. ಅಳು ಆಮೇಲೆ. ಸತ್ತವರ ಮನೆಯಲ್ಲಿ ನಿಂತದ್ದನ್ನು ಕೇಳಿ ಪಕ್ಕದ ಮನೆಯವರು ನಿಲ್ಲಿಸುತ್ತಾರೆ, ಅವರದನ್ನು ಕೇಳಿ ಆಚೆಯವರು. ಅದು ನಮ್ಮ ಪದ್ಧತಿ. ಅಕ್ಕ ಅದನ್ನೇ ಹೇಳಿದಳು, ನಾಯಿಯ ಕಿವಿ ಸವರುತ್ತ.

"ಮಧ್ಯಾಹ್ನ ನಾ ರೊಟ್ಟಿ ಬಡ್ಯಾಕತ್ತಿದ್ದೆ. ಅವರು ಮಗ್ಗದಾಗ ಇದ್ರು, ಇದು ಅವರ ಮಗ್ಗಲಾಗ ಮಲಗಿತ್ತು. ಮೊದಲ ಅವರ ಮಗ್ಗಾ ನಿಂತು. ಆಮ್ಯಾಗ ಮಾವನವರ್ದು ನಿಂತು. ಆಮ್ಯಾಗ ಓಣ್ಯಾಗಿನ್ವು ಎಲ್ಲಾ. ಯಾರರ ಬಂದ ಹೇಳೂದಕಿಂತ ಮೊದಲ ನನಗ ತಿಳೀತು. ಇದಕ್ಕೂ ತಿಳೀತು." ಸ್ವಲ್ಪ ತಡೆದು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನೀವು ಮಗ್ಗಾ ನಿಲ್ಲಿಸಿದ್ರ ನನಗೂ ಕೈಕಾಲು ನಡಗತಾವ."

ಅಪ್ಪ ರುಮಾಲಿನ ಚುಂಗು ಮುಖಕ್ಕೆ ಒತ್ತಿಕೊಂಡರು. ನಾನು ಎದ್ದುಹೋಗಿ ಎತ್ತುಗಳ ಪಕ್ಕ ನಿಂತೆ.

ವಸ್ತಾದಿ ಹೇಳಿದ ಚಿಕಿತ್ಸೆ ಕೇಳಲು ಸರಳ. ಎರಡೂ ಮಗ್ಗ ಒಟ್ಟಿಗೆ ನಿಲ್ಲಕೂಡದು. ಒಂದು ನಿಂತಾಗ, ನಾಯಿ ನಡುಗುವ ಮೊದಲೇ ಹಾಲಿನಲ್ಲಿ ನೆನೆಸಿದ ರೊಟ್ಟಿಯ ತುತ್ತು ಕೊಡಬೇಕು. ಹಿಂದೆಯೇ ಮಗ್ಗ ಮತ್ತೆ ನಡೆಯಬೇಕು. ಅದು ಸಮಾಧಾನದಿಂದ ಇರತೊಡಗಿದ ಮೇಲೆ ಎರಡನ್ನೂ ನಿಲ್ಲಿಸಬೇಕು, ನಿಂತ ಹೊತ್ತನ್ನು ದಿನದಿನಕ್ಕೆ ತುಸು ಬೆಳೆಸಬೇಕು. "ನಿಂತದ್ದು ಮತ್ತ ನಡೀತೈತಿ ಅಂತ ಅದಕ್ಕ ಗೊತ್ತಾಗ್ಲಿ" ಎಂದರು.

ತುತ್ತು ಕೊಡುವವಳು ಅಕ್ಕ. ಹಾಗಾಗಿ ಅವಳು ದಿನವಿಡೀ ಮಗ್ಗದ ಪಡಸಾಲೆಯಲ್ಲೇ ಇರಬೇಕಾಯಿತು. ಕೂತವಳು ಸುಮ್ಮನಿರದೆ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡತೊಡಗಿದಳು. ಅವಳೆದುರು ಅವ್ವ ಮಾತು ನುಂಗುವುದನ್ನು ಬಿಟ್ಟಳು, ನಾನು ಅವಳ ಕೂಡ ಜಗಳವನ್ನೂ ಆಡಿದೆ. ಅಪ್ಪನ ಕಣ್ಣು ಮಂಜಾದಾಗ ಹರಿದ ಎಳೆ ಕೂಡಿಸಲು ಕೂತ ಅಕ್ಕ, ನೋಡನೋಡುತ್ತ ಕುಣಿಗೆ ಇಳಿದು ನೇಯುವುದನ್ನೂ ಕಲಿತಳು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ಮಗ್ಗ ನಿಂತರೂ ನಾಯಿ ಒಂದು ಕಿವಿ ಎತ್ತಿ, ಬಾಲ ಆಡಿಸಿ, ರೊಟ್ಟಿಗೆ ಕಾಯುವುದನ್ನು ಕಲಿತಿತ್ತು. ಅಂಜುಬುರುಕಿ ಹೋಗಿ ಹೊಟ್ಟೆಬಾಕಿ ಆಯಿತು ಎಂದು ನಾನು ಹಂಗಿಸುತ್ತಿದ್ದೆ.

ವರ್ಷಗಳು ಕಳೆದವು. ಸಂಸ್ಥಾನಗಳು ಇನ್ನೂ ಇದ್ದ ಕಾಲದಲ್ಲೇ, ಒಂದು ಬೆಳಿಗ್ಗೆ ಅಪ್ಪ ಮಗ್ಗದ ಮೇಲೇ ಒರಗಿ ತೀರಿಕೊಂಡರು. ನಾನು ನನ್ನ ಮಗ್ಗ ನಿಲ್ಲಿಸಿದೆ. ಪಕ್ಕದ ಮನೆಯ ಮಗ್ಗ ನಿಂತಿತು, ಅದರಾಚೆಯದೂ ನಿಂತಿತು. ನೋಡುತ್ತಿದ್ದ ಹಾಗೆ ಇಡೀ ಓಣಿ ಗಪ್ಪಾಯಿತು. ಮೂತಿ ಬೆಳ್ಳಗಾಗಿದ್ದ ಮುದಿ ನಾಯಿ ಮೂಲೆಯಲ್ಲಿ ಎದ್ದು ನಿಂತು, ಅಷ್ಟು ವರ್ಷಗಳ ಮೇಲೆ ಮತ್ತೆ ನಡುಗತೊಡಗಿತು.

ನಮ್ಮ ಪದ್ಧತಿಯಂತೆ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದೆವು. ಅವರ ಕಾಲ ಬಳಿ ಕುಳಿತಿದ್ದ ಅಕ್ಕ ನಾಯಿಯನ್ನು ನೋಡಿದಳು. ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಪ್ಪನ ಕುಣಿಗೆ ಇಳಿದು ಲಾಳಿ ಒಗೆದಳು.

"ಏನ್ ಮಾಡಾಕತ್ತಿ ಬೇ, ಹೆಣಾ ಮನ್ಯಾಗ ಐತಿ!" ಎಂದು ಓಣಿಯ ಹಿರಿಯರೊಬ್ಬರು ಬಾಗಿಲಿಂದಲೇ ಗದರಿದರು.

"ಅಪ್ಪ ನೇಯಾಕತ್ತಿದ್ದ ಸೀರಿ ಐತ್ರಿ. ಗೇಣಷ್ಟ ಉಳದೈತಿ" ಎಂದಳು, ಕೈ ನಿಲ್ಲಿಸದೆ.

ಯಾರೂ ಮುಂದೆ ಬಂದು ತಡೆಯಲಿಲ್ಲ. ನಾಯಿ ಮೆಲ್ಲಗೆ ಬಂದು ಕುಣಿಯ ಅಂಚಿನಲ್ಲಿ ಗದ್ದ ಊರಿ ಮಲಗಿತು. ಸ್ವಲ್ಪ ಹೊತ್ತಿಗೆ ಅದರ ನಡುಕ ನಿಂತಿತು, ನಿದ್ದೆ ಹೋಯಿತು. ಅಕ್ಕ ನೇಯುತ್ತ ನೇಯುತ್ತಲೇ ಅಳುತ್ತಿದ್ದಳು. ನಾನು ಅವಳ ಪಕ್ಕ ಕುಳಿತು ಕಂಡಿಕೆ ಸುತ್ತಿಕೊಟ್ಟೆ.