ಕಿಡಿಯಕ್ಕನ ಮೂರು ಕಾಲು

ಕಿಡಿಯಕ್ಕನಿಗೆ ಆ ಹೆಸರು ಬಂದದ್ದು ವೆಲ್ಡಿಂಗ್ ಮಾಡುವಾಗ ಹಾರುವ ಕಿಡಿಯಿಂದಲೋ, ಮಾತಾಡುವಾಗ ಹಾರುವ ಕಿಡಿಯಿಂದಲೋ ಎಂಬುದು ಅವಳ ಬೀದಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಎರಡನ್ನೂ ಹತ್ತಿರದಿಂದ ಕಂಡವರು ಮೊದಲನೆಯದೇ ವಾಸಿ ಎನ್ನುತ್ತಾರೆ. ಅದಕ್ಕಾದರೆ ಕಪ್ಪು ಕನ್ನಡಕ ಹಾಕಿಕೊಂಡರೆ ಸಾಕು. ಅಂಗಡಿ ಇರುವುದು ಪಂಕ್ಚರ್ ಹಾಕುವವನ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗೆ. ಮುಂದುಗಡೆ ಗೇಟುಗಳು, ಕಿಟಕಿಯ ಸರಳುಗಳು, ಹಿಂದುಗಡೆ ಕೊಯ್ದ ಪೈಪುಗಳ ರಾಶಿ. ಅವಳು ಬೆಸೆದದ್ದಕ್ಕೆ ಬಣ್ಣ ಬಳಿಯುವುದು ಗಂಡನ ಕೆಲಸ. ಗಿರಾಕಿಗಳ ವಿಷಯದಲ್ಲೂ ಹಾಗೆಯೇ. ಅವಳು ಯಾರ ಮೇಲಾದರೂ ರೇಗಿದರೆ, ಹಿಂದೆಯೇ ಹೋಗಿ ನಾಲ್ಕು ನಯದ ಮಾತು ಬಳಿದು ಬರುವವನು ಅವನೇ.

ಕೆಲಸ ಕಲಿಸಿದ್ದು ಮಾವ, ಅಂದರೆ ಗಂಡನ ಅಪ್ಪ. ಕಣ್ಣಿಗೆ ಪೊರೆ ಬಂದು ಬೆಸುಗೆಯ ಗೆರೆ ಕಾಣದಂತಾದಾಗ ಅವರು ಮೊದಲು ಮಗನ ಕೈಗೆ ವೆಲ್ಡಿಂಗ್ ಕಡ್ಡಿ ಕೊಟ್ಟು ನೋಡಿದರು. ಮಗ ಕಬ್ಬಿಣಕ್ಕೆ ತೂತು ಹಾಕಿದ. ಸೊಸೆಯ ಕೈಗೆ ಕೊಟ್ಟರು. ಸೊಸೆಯೂ ತೂತು ಹಾಕಿದಳು, ಆದರೆ ಹಾಕಿದ ತೂತನ್ನು ತಾನೇ ಮುಚ್ಚುವವರೆಗೆ ಊಟಕ್ಕೆ ಏಳಲಿಲ್ಲ. ಅಲ್ಲಿಗೆ ಮಾವ ತೀರ್ಮಾನ ಮಾಡಿಬಿಟ್ಟರು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಕಣ್ಣು ಕಾಣದಿದ್ದರೂ ಕಿವಿಯಿಂದಲೇ ಅವಳ ತಪ್ಪು ಹಿಡಿಯತೊಡಗಿದರು. ಬೆಸುಗೆ ಸರಿಯಾಗಿ ಕೂರುತ್ತಿದ್ದರೆ ಕಾದ ಎಣ್ಣೆಯಲ್ಲಿ ಏನೋ ಕರಿದಂತೆ ಒಂದೇ ಸಮನೆ ಚುರುಗುಟ್ಟುತ್ತದೆ. ಚಟಪಟ ಎಂದರೆ ಕೈ ದೂರ ಹೋಯಿತು ಎಂದರ್ಥ; ಸದ್ದೇ ನಿಂತುಹೋದರೆ ಕಡ್ಡಿ ಅಂಟಿಕೊಂಡಿತು ಎಂದರ್ಥ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಕಿಡಿಯಕ್ಕ ಇವತ್ತಿಗೂ ಕೆಲಸ ಮಾಡುವುದು ಕಿವಿಯಿಂದಲೇ.

ಹೀಗಾಗಿ ಕಡ್ಡಿ ಹಿಡಿದ ಹೊತ್ತಿನಲ್ಲಿ ಬೇರೆ ಯಾರ ಮಾತೂ ಅವಳ ಕಿವಿಗೆ ಪೂರ್ತಿ ಬೀಳುವುದಿಲ್ಲ. ಅರ್ಧ ಕೇಳಿಸಿಕೊಳ್ಳುತ್ತಾಳೆ, ಇನ್ನರ್ಧವನ್ನು ತಾನೇ ತುಂಬಿಕೊಳ್ಳುತ್ತಾಳೆ. ತುಂಬಿಕೊಂಡದ್ದು ತಪ್ಪಾಯಿತೆಂದು ಒಪ್ಪುವ ಅಭ್ಯಾಸ ಮಾತ್ರ ಹುಟ್ಟಿದಾಗಿನಿಂದ ಇಲ್ಲ. ಒಳಗೆ ತೆರೆಯಬೇಕಿದ್ದ ಗೇಟು ಹೊರಗೆ ತೆರೆಯುತ್ತಿದೆ ಎಂದು ಜಗಳಕ್ಕೆ ಬಂದವನನ್ನು, ಹೊರಗೆ ತೆರೆಯುವುದರಲ್ಲೇ ಎಷ್ಟು ಲಾಭವಿದೆ ಎಂದು ತಿಳಿಹೇಳಿ, ಥ್ಯಾಂಕ್ಸ್ ಹೇಳಿಸಿಕೊಂಡು ಕಳಿಸಿದವಳು ಅವಳು.

ಇಂಥವಳಿಗೆ ಒಬ್ಬ ಅಣ್ಣ. ಇಬ್ಬರೂ ಒಂದೇ ತಾಯಿಯ ಮಕ್ಕಳು ಎಂದರೆ ನಂಬುವವರಿಲ್ಲ. ಊರ ನಡುವಿನ ದೊಡ್ಡ ಪಾರ್ಕಿನಲ್ಲಿ ಅವನು ಮಾಲಿ. ಮಾತು ಮೆಲ್ಲಗೆ, ನಡಿಗೆ ಇನ್ನೂ ಮೆಲ್ಲಗೆ, ಹುಲ್ಲಿಗೆಲ್ಲಿ ನೋವಾಗುತ್ತದೋ ಎಂಬಂತೆ. ಕೊಳದ ಸುತ್ತಲಿನ ಮರಗಳಷ್ಟನ್ನೂ ಸಸಿಯಿಂದ ಬೆಳೆಸಿದವನು ಅವನೇ. ವರ್ಷದ ಕೊನೆಯ ರಜೆ ಬಂತೆಂದರೆ ಆ ಮರಗಳಿಗೆ ದೀಪದ ಸರ ಸುತ್ತುತ್ತಾರೆ. ಯಾವ ಸರ ಯಾವಾಗ ಹೊತ್ತಬೇಕು, ಯಾವಾಗ ಆರಬೇಕು, ಯಾವುದು ಓಡಬೇಕು ಎಂದು ಅಪ್ಪಣೆ ಕೊಡಲು ಮರಗಳ ಬುಡದಲ್ಲಿ ಅಲ್ಲಲ್ಲಿ ಒಂದೊಂದು ಪೆಟ್ಟಿಗೆ ಇರುತ್ತದೆ. ಅದರ ಹೆಸರು ಕಂಟ್ರೋಲರ್. ಕಿಡಿಯಕ್ಕನ ಬಾಯಲ್ಲಿ ಕುಣಿಸೋ ಡಬ್ಬಿ. ಮೊದಲ ಸಂಜೆ ಜನರೆಲ್ಲ ನೆರೆದಾಗ ಸ್ವಿಚ್ ಹಾಕುವ ಗೌರವ ಯಾವಾಗಲೂ ಅಣ್ಣನದು. ಆ ಒಂದು ಸಂಜೆ ಮಾತ್ರ ಅವನು ಎದೆಯುಬ್ಬಿಸಿ ನಡೆಯುತ್ತಿದ್ದ.

ಹೋದ ವರ್ಷ ಆ ಸಂಜೆಗೆ ಮುಂಚೆ ಮಳೆ ಸುರಿದಿತ್ತು. ಪೆಟ್ಟಿಗೆಗಳು ಇಟ್ಟಿಗೆಯ ಮೇಲೆ, ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತಿದ್ದವು. ಹಾಳೆಯ ಮಡಿಕೆಯಲ್ಲಿ ನಿಂತ ನೀರು ಒಳಗಿಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅಣ್ಣ ಬಗ್ಗಿ ಕೈ ಹಾಕಿದ, ಶಾಕ್ ಹೊಡೆದು ಅಷ್ಟು ದೂರ ಹೋಗಿ ಬಿದ್ದ. ಪುಣ್ಯಕ್ಕೆ ಜೀವ ಉಳಿಯಿತು, ಸುಟ್ಟ ಗಾಯವೂ ಮಾಯಿತು. ಆದರೆ ಆ ಬಲಗೈ ಅವನ ಮಾತು ಕೇಳುವುದನ್ನೇ ಬಿಟ್ಟಿತು. ಮನೆಯಲ್ಲಿ ಲೈಟಿನ ಸ್ವಿಚ್ ಹಾಕುವುದಕ್ಕೂ ಮರದ ಸೌಟು ಬೇಕಾಯಿತು. ಅತ್ತಿಗೆ ಮೊದಮೊದಲು ನಕ್ಕಳು, ಸ್ವಿಚ್ಚಿಗೆ ಏನು ಬಡಿಸುತ್ತಿದ್ದೀರಿ ಎಂದು ಗಂಡನ ಕಾಲೆಳೆದಳು. ಒಂದು ದಿನ ಸೌಟು ಹಿಡಿದ ಕೈ ನಡುಗುವುದನ್ನು ಕಂಡಳು. ಆಮೇಲೆ ನಗುವುದನ್ನು ಬಿಟ್ಟು, ಅಡುಗೆಗೆ ಬೇರೆ ಸೌಟು ತಂದುಕೊಂಡಳು.

ಈ ವರ್ಷ ರಜೆ ಹತ್ತಿರವಾದಾಗ ಪಾರ್ಕಿನ ಸಾಹೇಬರು ಅಣ್ಣನನ್ನು ಕರೆದು ಕೂರಿಸಿದರು. ದೀಪ ಇರುವಷ್ಟು ದಿನ ಕೊಳದ ಕಡೆಯ ಮಾಲಿಯೇ ಪೆಟ್ಟಿಗೆಗಳ ಮೇಲೆ ಕಣ್ಣಿಡಬೇಕು. ಹತ್ತಿರ ಹೋಗಲೂ ಹೆದರುವವನನ್ನು ಅಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದರು. ಮೊದಲ ಸಂಜೆ ಅವನೇ ಸ್ವಿಚ್ ಹಾಕಿದರೆ ಸರಿ. ಆಗದಿದ್ದರೆ ಮಾರನೆಯ ದಿನದಿಂದ ಊರಾಚೆಯ ನರ್ಸರಿಗೆ ಹೋಗಲಿ, ಅಲ್ಲಿ ಕರೆಂಟಿನ ಕಾಟವಿಲ್ಲ. ಕೆಟ್ಟ ಮನುಷ್ಯರೇನಲ್ಲ, ಅವನ ಒಳ್ಳೆಯದಕ್ಕೇ ಹೇಳಿದ್ದು. ಅಣ್ಣ ಹೂಂ ಎಂದು ಎದ್ದು ಬಂದ. ಮನೆಗೆ ಬಂದವನು ನರ್ಸರಿಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೆಂಡತಿಯನ್ನು ಕೇಳಿದ. ಅತ್ತಿಗೆ ಅಂಗಡಿಗೆ ಬಂದು ಈ ಮಾತನ್ನು ಹೇಳಿದಾಗ ಕಿಡಿಯಕ್ಕ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟಳು. ಮಕ್ಕಳಂತೆ ಸಾಕಿದ ಮರಗಳನ್ನು ಬಿಟ್ಟು ಹೋಗಲು ತಯಾರಿದ್ದಾನೆ, ಆ ಡಬ್ಬಿ ಮುಟ್ಟಲು ಮಾತ್ರ ತಯಾರಿಲ್ಲ.

ಅವಳು ಆ ಕ್ಷಣವೇ ಅಂಗಡಿಗೆ ಶಟರ್ ಎಳೆದು ಪಾರ್ಕಿಗೆ ಹೋದಳು. ಇಟ್ಟಿಗೆಯ ಮೇಲೆ ಕರೆಂಟಿನ ಪೆಟ್ಟಿಗೆ ಇಡುವುದು ಯಾವ ಸೀಮೆಯ ಬುದ್ಧಿವಂತಿಕೆ ಎಂದು ಸಾಹೇಬರನ್ನು ತರಾಟೆಗೆ ತೆಗೆದುಕೊಂಡು, ಈ ಸಲ ಪ್ರತಿ ಪೆಟ್ಟಿಗೆಗೂ ಕಬ್ಬಿಣದ ಸ್ಟ್ಯಾಂಡು ತಾನು ಮಾಡಿಕೊಡುತ್ತೇನೆ ಎಂದಳು. ಹಿಂದೆಯೇ ಗಂಡ ಹೋಗಿ ತನ್ನ ಪಾಲಿನದು ಬಳಿದು ಬಂದ. ಸಾಹೇಬರು ಒಪ್ಪಿದರು.

ಸ್ಟ್ಯಾಂಡು ಹೇಗಿರಬೇಕೆಂದು ಪಾರ್ಕಿನ ವೈರಿಂಗ್ ಕೆಲಸದವನು ಅಂಗಡಿಗೇ ಬಂದು ವಿವರಿಸಿದ. ಪೆಟ್ಟಿಗೆ ಸೊಂಟದೆತ್ತರದಲ್ಲಿ ನಿಲ್ಲಬೇಕು, ಮೇಲೆ ಇಳಿಜಾರಿನ ತಗಡು ಇರಬೇಕು. ತಂತಿಗಳು ಕೆಳಗಿನಿಂದಲೇ ಒಳಗೆ ಹೋಗಬೇಕು, ಹೋಗುವ ಮುಂಚೆ ಜೋತುಬೀಳುವಂತೆ ಸಡಿಲ ಬಿಡಬೇಕು. ಆಗ ತಂತಿಯುದ್ದಕ್ಕೂ ಇಳಿದು ಬಂದ ನೀರು ಪೆಟ್ಟಿಗೆಯೊಳಗೆ ನುಗ್ಗದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಸ್ಟ್ಯಾಂಡಿನಿಂದ ನೆಲಕ್ಕೆ ಅರ್ಥಿಂಗ್ ತಂತಿ. ಕರೆಂಟು ದಾರಿ ತಪ್ಪಿದ ತಕ್ಷಣ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನು ಅವನು ಹಾಕುತ್ತಾನೆ. ಇಷ್ಟನ್ನೂ ಕಿಡಿಯಕ್ಕ ಚಾಚೂ ತಪ್ಪದೆ ಕೇಳಿಸಿಕೊಂಡಳು, ಏಕೆಂದರೆ ಆಗ ಅವಳ ಕೈಯಲ್ಲಿ ಕಡ್ಡಿ ಇರಲಿಲ್ಲ.

ಎಡವಟ್ಟಾದದ್ದು ಮಾರನೆಯ ದಿನ ಫೋನಿನಲ್ಲಿ. ಅವಳು ತಗಡಿನ ಚೌಕಟ್ಟು ಬೆಸೆಯುತ್ತಿದ್ದಳು, ಗಂಡ ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದಿದ್ದ.

“ಅಕ್ಕಾ, ಒಂದು ಹೇಳೋದು ಮರೆತೆ. ಸ್ಟ್ಯಾಂಡೆಲ್ಲಾ ಮುಕ್ಕಾಲಿಂದೇ ಇರ್ಲಿ,” ಎಂದ ವೈರಿಂಗಿನವನು.

ಅವನ ಲೆಕ್ಕದಲ್ಲಿ ಮುಕ್ಕಾಲು ಎಂದರೆ ಮುಕ್ಕಾಲು ಇಂಚಿನ ಪೈಪು. ಅವಳ ಕಿವಿಗೆ ಬಿದ್ದದ್ದು ಮೂರು ಕಾಲು. ಅವನು ಮುಕ್ಕಾಲು ಅಂದ ಹಾಗಿತ್ತು ಎಂದು ಗಂಡ ಅನುಮಾನ ತೆಗೆದ. ಮುಕ್ಕಾಲು ಅಂದರೂ ಮೂರು ಕಾಲೇ ತಾನೇ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಓದಿ ಲೈಸೆನ್ಸು ತೆಗೆದುಕೊಂಡವನು, ಅವನು ಹೇಳಿದ ಮೇಲೆ ಏನೋ ಕಾರಣ ಇರುತ್ತದೆ ಎಂದೂ ಸೇರಿಸಿದಳು. ಇಂಥ ವಿನಯ ಅವಳಿಗೆ ಅಪರೂಪಕ್ಕೆ ಬರುತ್ತದೆ, ಬಂದದ್ದೂ ಹೊತ್ತಲ್ಲದ ಹೊತ್ತಿನಲ್ಲಿ.

ಸ್ಟ್ಯಾಂಡುಗಳನ್ನು ನೋಡಲು ಬಂದ ವೈರಿಂಗಿನವನು ಮೊದಲು ದಂಗಾಗಿ ನಿಂತ. ಒಂದೊಂದಕ್ಕೂ ಮೂರು ಮೂರು ಕಾಲು, ಅದೂ ದಪ್ಪ ಪೈಪಿನದು. ಅವಳ ಗಂಡನಿಂದ ವಿಷಯ ತಿಳಿದ ಮೇಲೆ ಪಂಕ್ಚರ್ ಅಂಗಡಿಯ ಟಯರಿನ ರಾಶಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕ. ಕಿಡಿಯಕ್ಕ ರೆಪ್ಪೆ ಕೂಡ ಮಿಟುಕಿಸಲಿಲ್ಲ. ಮರದ ಬುಡದಲ್ಲಿ ನೆಲವೆಲ್ಲ ಬೇರು, ಅಲ್ಲಿ ನಾಲ್ಕು ಕಾಲು ಊರಿದರೆ ಒಂದು ಕಾಲು ಗಾಳಿಯಲ್ಲೇ ನಿಲ್ಲುತ್ತದೆ, ಮೂರಾದರೆ ಎಲ್ಲಿಟ್ಟರೂ ಅಲುಗಾಡುವುದಿಲ್ಲ, ಯೋಚನೆ ಮಾಡಿಯೇ ಮಾಡಿದ್ದು ಎಂದಳು. ಆ ಯೋಚನೆ ಹುಟ್ಟಿ ಅರೆ ನಿಮಿಷವೂ ಆಗಿರಲಿಲ್ಲ ಎಂಬುದು ಗಂಡನಿಗೆ ಗೊತ್ತಿತ್ತು. ಆದರೆ ಹೇಳಿದ್ದು ನಿಜವಾಗಿತ್ತು, ಅದೇ ಅವಳ ವಿಶೇಷ. ವೈರಿಂಗಿನವನು ನಗು ನಿಲ್ಲಿಸಿ ತಲೆಯಾಡಿಸಿದ.

ಒಂದನ್ನು ಪಾರ್ಕಿಗೆ ಒಯ್ದು ಕೊಳದ ಪಕ್ಕದ ಮರದ ಬುಡದಲ್ಲಿ ಇಟ್ಟು, ಪೆಟ್ಟಿಗೆ ಕೂರಿಸಿ ನೋಡಿದರು. ಬೇರಿನ ಮೇಲೆ ಒಂದು ಕಾಲು, ಹಳ್ಳದಲ್ಲಿ ಇನ್ನೊಂದು, ಆದರೂ ಅಳ್ಳಾಡಲಿಲ್ಲ. ಅಣ್ಣ ನೀರಿನ ಕ್ಯಾನು ಹಿಡಿದುಕೊಂಡು ದೂರದಿಂದ ನೋಡುತ್ತಿದ್ದ. ಕಿಡಿಯಕ್ಕ ಅವನತ್ತ ತಿರುಗಿ ಹೇಗಿದೆ ಎಂಬಂತೆ ಹುಬ್ಬು ಹಾರಿಸಿದಳು. ಅವನು ಎರಡು ಹೆಜ್ಜೆ ಹತ್ತಿರ ಬಂದ, ಮತ್ತೆರಡು ಬಂದ. ಅಷ್ಟರಲ್ಲಿ ಕೊಳದ ಕಡೆಯಿಂದ ಗಾಳಿ ಬೀಸಿತು. ಮೇಲಿನ ತಗಡು ಗಾಳಿ ಹಿಡಿಯಿತು, ಸ್ಟ್ಯಾಂಡು ಪೆಟ್ಟಿಗೆಯ ಸಮೇತ ಧಡಾರನೆ ಮುಗ್ಗರಿಸಿ ನೆಲ ಕಚ್ಚಿತು. ಅಣ್ಣನ ಕೈಯಿಂದ ಕ್ಯಾನು ಜಾರಿತು. ಬಲಗೈಯನ್ನು ಕಂಕುಳಲ್ಲಿ ಅವಚಿಕೊಂಡು ಅವನು ಹಿಂತಿರುಗಿ ನೋಡದೆ ಹೊರಟುಹೋದ.

ಕಿಡಿಯಕ್ಕನ ನಾಲಿಗೆಯ ತುದಿಯಲ್ಲಿ ಉತ್ತರಗಳಿಗೇನೂ ಬರವಿರಲಿಲ್ಲ. ಗಾಳಿಯನ್ನು ಬೈಯಬಹುದಿತ್ತು, ಪೆಟ್ಟಿಗೆ ಕೂರಿಸಿದವನನ್ನು ಬೈಯಬಹುದಿತ್ತು. ಅವಳು ಅಣ್ಣ ಹೋದ ದಾರಿಯನ್ನೇ ನೋಡುತ್ತ ನಿಂತಳು.

“ತಪ್ಪು ನಂದು,” ಎಂದಳು. “ಅವನು ಮುಕ್ಕಾಲು ಅಂದಿದ್ದು ನಂಗೆ ಮೂರು ಕಾಲು ಅಂತ ಕೇಳಿಸ್ತು. ತಿರುಗಿ ಕೇಳ್ಲಿಲ್ಲ.”

ಮದುವೆಯಾದಾಗಿನಿಂದ ಈ ಮಾತಿಗೆ ಕಿವಿ ನೆಟ್ಟು ಕಾದಿದ್ದ ಗಂಡ, ಅದು ಬಂದಾಗ ಖುಷಿಪಡುವುದನ್ನೂ ಮರೆತು ಅವಳ ಮುಖ ನೋಡಿದ.

ಮಾಡಿದ್ದಷ್ಟನ್ನೂ ಅವಳು ಮತ್ತೆ ಕೊಯ್ದಳು. ಮೂರು ಕಾಲನ್ನು ಬಿಡಲಿಲ್ಲ, ಆ ನೆಲಕ್ಕೆ ಅದೇ ಸರಿ ಎಂದು ಕಣ್ಣಾರೆ ಕಂಡಿದ್ದಳಲ್ಲ. ಆದರೆ ಕಾಲುಗಳನ್ನು ಅಗಲಿಸಿ ಬೆಸೆದಳು, ಕೆಳಗೆ ಮೂರಕ್ಕೂ ಸೇರಿಸಿ ಒಂದು ಕಬ್ಬಿಣದ ಬಳೆ ಹಾಕಿದಳು, ಪ್ರತಿ ಪಾದಕ್ಕೂ ತೂತಿನ ತಟ್ಟೆ ಕೂರಿಸಿ ಅದರೊಳಗಿಂದ ನೆಲಕ್ಕೆ ಉದ್ದನೆಯ ಗೂಟ ಹೊಡೆಯುವಂತೆ ಮಾಡಿದಳು. ತಗಡಿನ ಹಿಂಬದಿಯಲ್ಲಿ ಗಾಳಿ ಹಾದುಹೋಗಲು ಜಾಗ ಬಿಟ್ಟಳು. ಕೆಲಸ ಮುಗಿಯುವವರೆಗೆ ಫೋನು ಗಂಡನ ಜೇಬಿನಲ್ಲೇ ಇತ್ತು. ಅವನು ಬಣ್ಣ ಬಳಿದು ಕೈ ಒರೆಸಿಕೊಳ್ಳುವ ಹೊತ್ತಿಗೆ ಅವಳು ಅಣ್ಣನ ಮನೆಯ ಬಾಗಿಲಲ್ಲಿದ್ದಳು.

ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದಳು. ಅಣ್ಣ ಇನ್ನು ಏನೂ ಆಗುವುದಿಲ್ಲ ಎಂದು ಖಾತ್ರಿಯೇ ಎಂದು ಕೊನೆಗೆ ಕೇಳಿದ. ಎಲ್ಲದಕ್ಕೂ ನೂರಕ್ಕೆ ನೂರು ಎನ್ನುವವಳು ಅಂದು ಹಾಗೆನ್ನಲಿಲ್ಲ. ತನಗೆ ಗೊತ್ತಿರುವುದನ್ನೆಲ್ಲ ಮಾಡಿದ್ದೇನೆ, ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ ಎಂದಳು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮೊದಲ ಸಂಜೆಯೂ ಮಳೆ ತಪ್ಪಲಿಲ್ಲ. ಮಧ್ಯಾಹ್ನದಿಂದ ಜಿಟಿಜಿಟಿ ಹಿಡಿದು, ಜನ ಸೇರುವ ಹೊತ್ತಿಗಷ್ಟೇ ನಿಂತಿತ್ತು. ತಗಡುಗಳಿಂದ ನೀರು ಹಿಂದಕ್ಕೆ ಇಳಿಯುತ್ತಿತ್ತು, ಜೋತುಬಿದ್ದ ತಂತಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಜನ ದಾರಿ ಬಿಟ್ಟರು. ಮುಖ್ಯ ಪೆಟ್ಟಿಗೆಯ ಮುಂದೆ ನಿಂತು ಬಲಗೈ ಎತ್ತಿದ, ಅದು ಅರ್ಧಕ್ಕೆ ನಿಂತಿತು. ಸಾಹೇಬರು ಕೊಡೆ ಮಡಚುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ಅಣ್ಣ ತಂಗಿಯ ಕಡೆ ತಿರುಗಿ, ಬೇರೆ ಯಾರಿಗೂ ಕೇಳಿಸದಂತೆ ಹೇಳಿದ.

“ನೀನು ಸ್ವಲ್ಪ ದೂರ ನಿಂತ್ಕೋ.”

ಈ ಮಾತು ಮಾತ್ರ ಕಿಡಿಯಕ್ಕನಿಗೆ ಪೂರ್ತಿ ಕೇಳಿಸಿತು. ಅವನು ಬಂದದ್ದು ಹೆದರಿಕೆ ಹೋಗಿದೆ ಎಂದಲ್ಲ. ಹೋದ ವರ್ಷದಂತೆಯೇ ಇವತ್ತೂ ಆಗಬಹುದು ಎಂದುಕೊಂಡೇ ಬಂದಿದ್ದಾನೆ. ಆಗುವುದಿದ್ದರೆ ತನಗೊಬ್ಬನಿಗೇ ಆಗಲಿ ಎನ್ನುತ್ತಿದ್ದಾನೆ. ಅವಳಿಗೆ ಇಷ್ಟು ದಿನ ಅಣ್ಣನನ್ನು ಪುಕ್ಕಲ ಎಂದು ಒಳಗೊಳಗೇ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಅವಳು ಚಪ್ಪಲಿ ಬಿಟ್ಟು, ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಸ್ಟ್ಯಾಂಡಿನ ಕಾಲನ್ನು ಬರಿಗೈಯಲ್ಲಿ ಬಿಗಿಯಾಗಿ ಹಿಡಿದಳು.

“ನಾನು ಮಾಡಿದ್ದು. ಹಿಡ್ಕೊಂಡೇ ಇರ್ತೀನಿ. ಹಾಕು.”

“ಬಿಡು ಅಂದ್ನಲ್ಲ.”

“ಬಿಡಲ್ಲ.”

ಒಮ್ಮೆ ಹಿಡಿದದ್ದನ್ನು ಬಿಡುವ ಜಾತಿಯಲ್ಲ ಅವಳದು ಎಂಬುದು ಅಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಅವನು ಕಣ್ಣು ಮುಚ್ಚಿ ಸ್ವಿಚ್ ಒತ್ತಿದ.

ಜನ ಹೋ ಎಂದರು. ಕೊಳದ ಸುತ್ತಲಿನ ಮರಗಳೆಲ್ಲ ಒಂದೊಂದಾಗಿ ಹೊತ್ತಿಕೊಂಡು, ದೀಪಗಳು ಕೊಂಬೆಯಿಂದ ಕೊಂಬೆಗೆ ಓಡತೊಡಗಿದವು. ಅಣ್ಣತಂಗಿಯರು ಮಾತ್ರ ತಲೆಯೆತ್ತಿ ನೋಡಲಿಲ್ಲ. ಅವನ ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು, ಅವಳ ಕೈ ಕಬ್ಬಿಣದ ಮೇಲೆಯೇ ಇತ್ತು. ಆಮೇಲೆ ಅಣ್ಣ, ಯಾರ ಮೇಲೂ ದನಿ ಎತ್ತರಿಸದ ಅಣ್ಣ, ಅಷ್ಟು ಜನರ ಎದುರಿಗೆ ಅವಳನ್ನು ಬೈಯತೊಡಗಿದ. ತಲೆ ನೆಟ್ಟಗಿದೆಯಾ ಎಂದ. ಏನಾದರೂ ಆಗಿದ್ದರೆ ನಿನ್ನ ಗಂಡನಿಗೆ ಏನು ಹೇಳಲಿ ಎಂದ. ಒಂದಕ್ಕೆ ಹತ್ತು ಹೇಳುವ ಕಿಡಿಯಕ್ಕ ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಅಣ್ಣ ಬೈಯುತ್ತಲೇ ಬಲಗೈಯಿಂದ ಅವಳ ಕಣ್ಣು ಒರೆಸಿದ.