ಶಹನಾಜ್ ಮೇಡಂ ಹೊಡೆದುಹಾಕಿದ ಪಟ್ಟಿ

ಶಹನಾಜ್ ಮೇಡಂ ಎದುರು ‘ಮುಗೀತು’ ಎಂಬ ಮಾತನ್ನು ಹಗುರವಾಗಿ ಆಡುವಂತಿರಲಿಲ್ಲ. ಕನ್ನಡಕ ಹಣೆಗೇರಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತುಬಿಡುತ್ತಿದ್ದರು. “ಬಾಯಿಲೆ ಹೇಳಬ್ಯಾಡ. ನಡಿಸಿ ತೋರ್ಸು.” ಐದು ನಿಮಿಷದಲ್ಲಿ ನಮ್ಮ ಪ್ರೋಗ್ರಾಮಿನ ತಪ್ಪು ಅವರ ಬೆರಳಿಗೆ ಸಿಕ್ಕಿರುತ್ತಿತ್ತು.

ಶಹಾಬಾದಿನಲ್ಲಿ ನಮ್ಮದು ನಾಲ್ಕೇ ಜನರ ಸಾಫ್ಟ್‌ವೇರ್ ಕಚೇರಿ. ಅವರು ಪ್ರಾಜೆಕ್ಟ್ ಮ್ಯಾನೇಜರ್. ನಾನು ಆಗಷ್ಟೇ ಸೇರಿದವಳು. ಚಿಂಚೋಳಿ ಕಡೆಯ ಒಂದು ಆಸ್ಪತ್ರೆಗೆ ರೋಗಿಗಳ ಸರದಿ ಕೂಗುವ ಸಾಫ್ಟ್‌ವೇರ್ ಬೇಕಿತ್ತು. ಗಡುವು ಆರು ವಾರ. ಅದು ಕೈತಪ್ಪಿದರೆ ನಮಗೆ ಬೇರೆ ಕೆಲಸವೇ ಇರಲಿಲ್ಲ. ಆಸ್ಪತ್ರೆಯವರ ಜೊತೆಗಿನ ಮೊದಲ ಸಭೆಯಲ್ಲೇ ನಾನು ಹುರುಪಿನಿಂದ ಮೊಬೈಲ್ ಆ್ಯಪು, ಔಷಧಿ ಪಟ್ಟಿ, ತಿಂಗಳ ವರದಿ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟೆ.

ಮೇಡಂ ಬೈಯಲಿಲ್ಲ. ಮರುದಿನ ಬಸ್ಸು ಹತ್ತಿಸಿಕೊಂಡು ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂಡಿಸಿದರು. “ಇಲ್ಲೇ ಕುಂದ್ರು. ಮಂದಿಗಿ ಏನ್ ತ್ರಾಸ ಅದ ನೋಡು. ಆಮ್ಯಾಲ ಕೋಡ್ ಬರಿ.”

ಗಡಿಯಂಚಿನ ಕುಂಚಾವರಂ ಕಡೆಯ ಅಜ್ಜಿಯೊಬ್ಬಳು ಬೆಳಗಿನಿಂದ ಕಾದಿದ್ದಳು. ಅವಳ ನಂಬರನ್ನು ಎರಡು ಸಲ ಕೂಗಿಯಾಗಿತ್ತು. ಆದರೆ ಕನ್ನಡದ ಅಂಕಿ ಆ ತೆಲುಗಿನವಳಿಗೆ ತಿಳಿದಿರಲಿಲ್ಲ.

ಕಚೇರಿಗೆ ಬಂದವರೇ ಮೇಡಂ ನಾನು ಒಪ್ಪಿಕೊಂಡು ಬಂದಿದ್ದ ಪಟ್ಟಿಯನ್ನು ಹೊಡೆದುಹಾಕಿದರು. ಕೆಳಗೆ ಎರಡೇ ಸಾಲು ಬರೆದರು: ಸರದಿ ತಪ್ಪಬಾರದು, ಎರಡೂ ಭಾಷೆಯಲ್ಲಿ ಕೂಗಬೇಕು.

“ಇಷ್ಟೇನ್ರಿ?” ಎಂದೆ.

“ಇಷ್ಟು ಛಲೋ ನಡೀಲಿ. ಉಳಿದದ್ದು ಮುಂದ ನೋಡಮು. ಆಸ್ಪತ್ರಿಯವರಿಗಿ ನಾ ಹೇಳ್ತೀನಿ.”

ಹೇಳಿದರು ಕೂಡ. ಎಲ್ಲಕ್ಕೂ ಹೂಂ ಅಂದ ತಪ್ಪನ್ನು ಮಾತ್ರ ನನ್ನ ತಲೆಗೆ ಕಟ್ಟಲಿಲ್ಲ. ಪ್ರತಿ ಶನಿವಾರ ಆದಷ್ಟನ್ನೇ ಒಯ್ದು ನರ್ಸ್ ಒಬ್ಬರಿಗೆ ತೋರಿಸುತ್ತಿದ್ದೆವು. ಅವರು ಮೂಗು ಮುರಿದದ್ದನ್ನೆಲ್ಲ ಮರುವಾರ ತಿದ್ದುತ್ತಿದ್ದೆವು. ಗಡುವು ಹತ್ತಿರವಾದರೂ ಮೇಡಂ ಸಂಜೆ ಹೊತ್ತಿಗೆ ಸರಿಯಾಗಿ ನಮ್ಮನ್ನು ಮನೆಗೆ ಕಳಿಸುತ್ತಿದ್ದರು.

ಆಸ್ಪತ್ರೆಯಲ್ಲಿ ಅದು ಶುರುವಾದ ದಿನ ಜನ ಕಿಕ್ಕಿರಿದಿದ್ದರು. ಸ್ಪೀಕರು ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಕೂಗಿತು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ಥಟ್ಟನೆ ಎದ್ದಳು. ಯಾರನ್ನೂ ಕೇಳದೆ ನೆಟ್ಟಗೆ ಡಾಕ್ಟರ ಕೋಣೆಗೆ ನಡೆದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮಧ್ಯಾಹ್ನಕ್ಕೆ ಬೆಂಚುಗಳು ಖಾಲಿ! “ಶಾಬಾಸ್ ಬೇಟಿ!” ಎಂದು ಮೇಡಂ ಬೆನ್ನಿಗೆ ಗುದ್ದಿದ ಏಟಿಗೆ ನನಗೆ ಕಣ್ಣೀರೇ ಬಂತು.

ಆಮೇಲೆ ಅವರು ಹೈದರಾಬಾದಿಗೆ ಹೋದರು. ಅವರ ಕುರ್ಚಿ ನನಗೆ ಬಂತು. ಹೋದ ವರ್ಷ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕರು. ಸೇಡಂ, ಚಿತ್ತಾಪುರದಲ್ಲೂ ನಮ್ಮ ಸಾಫ್ಟ್‌ವೇರ್ ನಡೆಯುತ್ತಿದೆ, ಈಗ ಒಂಬತ್ತು ಜನ ಇದ್ದೇವೆ ಎಂದು ಒಂದೇ ಉಸಿರಿಗೆ ಹೇಳಿದೆ.

“ಭಾಳ ಖುಷಿ ಆಯ್ತು. ನಿನ್ನ ಮಂದಿ ಸಂಜಿಗಿ ಹೊತ್ತಿಗಿ ಸರಿಯಾಗಿ ಮನಿಗಿ ಹೋಗ್ತಾರೇನು?”

“ಹೋಗ್ತಾರ್ರಿ.”

“ಹಂಗಾರ ನೀ ಮ್ಯಾನೇಜರ್ ಆದಿ ಬಿಡು,” ಎಂದು ನಕ್ಕು ರೈಲು ಹತ್ತಿದರು.